ಪಾಟ್ ಉಳಿದಿದೆ, ಕಟ್ಟುವವರು ಬೇಕು

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಗಿಳಿದು ಕದಿರು ತೆಗೆದು, ಕೋವಿಯಿಂದ ಗುಂಡು ಹಾರಿಸಿ, ಹೊಸ ಅಕ್ಕಿಯ ಪಾಯಸ ಉಂಡರೂ ಹಿಂದೆ ಹಬ್ಬ ಮುಗಿಯುತ್ತಿರಲಿಲ್ಲ. ಮರುದಿನದಿಂದ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ ಶುರುವಾಗುತ್ತಿತ್ತು. ಕತ್ತಲಾದ ಮೇಲೆ ದುಡಿ ಹಿಡಿದ ನಾಲ್ವರು ಗಂಡಸರು ಮನೆಯಿಂದ ಮನೆಗೆ ಹೊರಡುತ್ತಿದ್ದರು. ಮನೆ ಪಾಡುವುದು ಎಂದೇ ಅದನ್ನು ಕರೆಯುತ್ತಿದ್ದರು. ಬಂದವರು ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ, ತೂಗುದೀಪದ ಬೆಳಕಿಗೆ ಕೂತು, ಆ ಮನೆಯ ಮೇಲೆಯೇ ಹಾಡು ಕಟ್ಟುತ್ತಿದ್ದರು. ಮನೆಯವರು ತಂಬುಟ್ಟು ಕೊಡುತ್ತಿದ್ದರು, ಒಂದು ಗುಟುಕು ಕುಡಿಯಲು ಕೊಡುತ್ತಿದ್ದರು, ಕೈಲಾದಷ್ಟು ಕಾಣಿಕೆ ಇಡುತ್ತಿದ್ದರು. ಹಾಡಿನವರು ಬೇಲಿ ದಾಟಿ ಮುಂದಿನ ಮನೆಗೆ ನಡೆಯುತ್ತಿದ್ದರು. ಅಲ್ಲಿ ಮತ್ತೊಂದು ಹಾಡು.

ಮೇಲಿನ ಕೊನೆಯ ಮೂರು ಪದಗಳ ಬಗ್ಗೆಯೇ ಈ ಬರಹ. ಮೂರ್ನಾಡಿನಿಂದ ಹೊದ್ದೂರಿಗೋ ಬೇತ್ರಿಗೋ ಹೋಗುವ ದಾರಿಯಲ್ಲಿ ಹತ್ತು ಮನೆಗಳಿದ್ದರೆ ಹತ್ತು ಹಾಡು ಹುಟ್ಟಬೇಕಿತ್ತು. ಯಾವುದೂ ಮೊದಲೇ ಬರೆದಿಟ್ಟದ್ದಲ್ಲ. ಮನೆಯ ಹೊಸ್ತಿಲು ದಾಟುವಾಗ ಆ ನಾಲ್ವರ ಬಳಿ ಒಂದು ರಾಗ ಇರುತ್ತಿತ್ತು, ದುಡಿಯ ಬಡಿತ ಇರುತ್ತಿತ್ತು, ತಲೆಯಲ್ಲಿ ನೂರಾರು ಸಿದ್ಧ ನುಡಿಗಟ್ಟುಗಳಿರುತ್ತಿದ್ದವು. ಉಳಿದದ್ದನ್ನೆಲ್ಲ ಅಲ್ಲೇ, ಕೂತಲ್ಲೇ, ಒಬ್ಬರ ಬಾಯಿಂದ ಒಬ್ಬರು ಎತ್ತಿಕೊಂಡು ಕಟ್ಟಬೇಕಿತ್ತು.

ಬಾಳೊಪಾಟ್ ಎನ್ನುವ ಈ ಹಾಡುಗಾರಿಕೆಯನ್ನು ಹತ್ತಿರ ಕೂತು ಕೇಳಬೇಕು. ದೂರದಿಂದ, ಮೈಕಿನಲ್ಲಿ ಕೇಳಿದರೆ ಒಂದೇ ಧಾಟಿ ಎಳೆದಂತೆ ಅನ್ನಿಸಬಹುದು. ಹತ್ತಿರದಲ್ಲಿ ಕಾಣುವುದೇ ಬೇರೆ. ನಾಲ್ವರು ಎರಡು ಜೋಡಿಯಾಗಿರುತ್ತಾರೆ. ದುಡಿ ಸಣ್ಣದು, ನಡು ಸಪೂರ, ಎರಡು ತುದಿ ಅಗಲ, ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಡಿಯುತ್ತಾರೆ. ಮುಂದಿನ ಜೋಡಿ ಒಂದು ಸಾಲು ಹೇಳುತ್ತದೆ, ಹಿಂದಿನ ಜೋಡಿ ಅದನ್ನು ತಿರುಗಿ ಹೇಳುತ್ತದೆ. ಮೇಲ್ನೋಟಕ್ಕೆ ಇದು ಬರೀ ಪುನರಾವರ್ತನೆ. ಆದರೆ ಹಿಂದಿನವರು ತಿರುಗಿ ಹೇಳುವ ಆ ಕೆಲವೇ ಗಳಿಗೆಯಲ್ಲಿ ಮುಂದಿನವರ ಕಣ್ಣು ಮನೆಯೊಳಗೆಲ್ಲ ಸುತ್ತುತ್ತದೆ. ಗೋಡೆಯ ಮೇಲಿನ ಪಟ, ಮೂಲೆಯಲ್ಲಿರುವ ಕೋವಿ, ಬಾಗಿಲ ಹಿಂದೆ ನಿಂತು ನೋಡುವ ಮಗು, ಎಲ್ಲವೂ ಮುಂದಿನ ಸಾಲಿಗೆ ಸರಕು. ಹಿಂದಿನ ಜೋಡಿ ಸಾಲು ಮುಗಿಸುವ ಹೊತ್ತಿಗೆ ಹೊಸ ಸಾಲು ತಯಾರಿರಬೇಕು. ತಯಾರಿಲ್ಲದಿದ್ದರೆ? ಹಳೆಯ ನುಡಿಗಟ್ಟೊಂದು ಕೈ ಹಿಡಿಯುತ್ತದೆ. ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಜೋಡಿ ಸಾಲಾಗಿ ಹೇಳುವ ಪದ್ಧತಿ ಈ ಹಾಡುಗಳ ಉದ್ದಕ್ಕೂ ಇದೆ. ಅದು ಕೇಳುವವರ ಕಿವಿಗೆ ಇಂಪು, ಕಟ್ಟುವವರಿಗೆ ಉಸಿರಾಡಲು ಜಾಗ.

ಆರಂಭಕ್ಕೂ ಒಂದು ಗೊತ್ತಾದ ದಾರಿ ಇದೆ. 'ಬಾಳೊ' ಎಂದು ಹರಸಿ ಶುರು ಮಾಡುತ್ತಾರೆ. ಲೋಕದಲ್ಲಿ 56 ದೇಶಗಳಿವೆ ಎಂದು ಎಣಿಸಿ, ಅವುಗಳ ನಡುವೆ ಕೊಡಗು ಹೇಗೆ ಬೆಳಗುತ್ತದೆ ಎಂದು ಬಣ್ಣಿಸಿ, ಅದರ 12 ಕೊಂಬು, 35 ನಾಡುಗಳನ್ನು ಹೇಳಿ, ಆಮೇಲೆ ಈ ನಾಡು, ಈ ಊರು, ಈ ಒಕ್ಕ (ಮನೆತನ) ಎಂದು ಒಂದೊಂದೇ ಮೆಟ್ಟಿಲಿಳಿದು ಕೊನೆಗೆ ಮನೆಯೊಳಗೆ ಬರುತ್ತಾರೆ. ಈ ಇಳಿಯುವ ಕ್ರಮ ನನಗೆ ಬಹಳ ಪ್ರಿಯ. ಲೋಕದ ನಕ್ಷೆಯನ್ನೆಲ್ಲ ಬಿಡಿಸಿ ತೋರಿಸಿ, ಕೊನೆಗೆ ಬೆರಳು ತಂದು ಇಡುವುದು ನಿಮ್ಮ ಮನೆಯ ಮೇಲೆ. ಬಡವನ ಮನೆಯಾದರೂ ಅಷ್ಟೇ, ವಂಶಪಾರಂಪರ್ಯದ ಜಮ್ಮ ಭೂಮಿಯ ದೊಡ್ಡ ಮನೆಯಾದರೂ ಅಷ್ಟೇ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಬೇತ್ರಿಯ ಹೊಳೆಗೆ ಇಳಿಯುವ ಮೊದಲು ಸಿಗುವ ಒಂದು ಮನೆ. ಯಜಮಾನ ಸೇನೆಯಿಂದ ನಿವೃತ್ತ. ಹೆಂಡತಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮಗ ಬೆಂಗಳೂರಿನಲ್ಲಿ. ಮೊಮ್ಮಗಳು ಹಾಕಿ ಆಡುತ್ತಾಳೆ. ಆ ವರ್ಷದ ಮಳೆಗೆ ಕೆಳಗಿನ ಗದ್ದೆಯ ಬದು ಕುಸಿದಿದೆ. ಪಾಟ್‌ಕಾರರು 56 ದೇಶ ದಾಟಿ ಈ ಅಂಗಳಕ್ಕೆ ಬಂದರೆಂದರೆ ಇವೆಲ್ಲ ಹಾಡಿನೊಳಗೆ ಬರಬೇಕು. ಸಿಪಾಯಿಗೆ ಹಳೆಯ ವೀರರ ಪಾಟಿನಿಂದ ಬಂದ ವಿಶೇಷಣಗಳು ತಯಾರಿವೆ. ಟೀಚರಿಗೆ? ಹಳೆಯ ಹಾಡಿನಲ್ಲಿ ಶಾಲೆಯಿಲ್ಲ. ಅಲ್ಲೇ ಒಂದು ಹೊಸ ಮಾತು ಹುಟ್ಟಬೇಕು, ಅದೂ ದುಡಿಯ ಲೆಕ್ಕಕ್ಕೆ ಸರಿಹೋಗುವಂತೆ. ಹಾಕಿ ಸ್ಟಿಕ್ಕಿಗೂ ಹಾಗೆಯೇ. ಮೊದಲ ಜೋಡಿ ತಡವರಿಸಿದಾಗ ಎರಡನೆಯ ಜೋಡಿಯಿಂದ ಒಬ್ಬ ತಿರುಗಿ ಹೇಳುವ ಸಾಲಿನಲ್ಲೇ ಒಂದು ಪದ ಬದಲಿಸಿ ದಾರಿ ತೋರಿಸಬಹುದು. ಯಜಮಾನನೇ ಕುರ್ಚಿಯಿಂದ ಮುಂದೆ ಬಾಗಿ ತನ್ನ ಅಜ್ಜನ ಹೆಸರು ನೆನಪಿಸಬಹುದು. ಹಾಡು ಆ ಹೆಸರನ್ನು ತಕ್ಷಣ ಒಳಗೆ ತೆಗೆದುಕೊಳ್ಳುತ್ತದೆ. ಮುಗಿಯುವ ಹೊತ್ತಿಗೆ ಅದನ್ನು ಕಟ್ಟಿದವರು ನಾಲ್ವರೋ ಐವರೋ ಇಡೀ ಮನೆಯವರೋ ಎಂದು ಬೇರ್ಪಡಿಸಿ ಹೇಳಲಾಗದು.

ಇದನ್ನೇ ನಾನು ಆಟ ಎನ್ನುತ್ತಿರುವುದು. ಕೂಡಿ ಕಥೆ ಕಟ್ಟುವ ಆಟ. ಅದಕ್ಕೆ ನಿಯಮವಿದೆ, ಸರದಿಯಿದೆ, ಜೊತೆಗಾರನ ಮಾತನ್ನು ಕಿವಿಗೊಟ್ಟು ಕೇಳಲೇಬೇಕಾದ ಕಟ್ಟುಪಾಡಿದೆ, ಸೋಲುವ ಭಯವೂ ಇದೆ. ಮದುವೆಯಲ್ಲಿ ಎರಡೂ ಕಡೆಯ ಪ್ರತಿನಿಧಿಗಳಾದ ಅರುವರು ಎದುರುಬದುರು ನಿಂತು ಸಮ್ಮಂದ (ಸಂಬಂಧ) ಒಪ್ಪಿಸುವಾಗಿನ ಪ್ರಶ್ನೋತ್ತರದಲ್ಲೂ ಇದರ ನೆರಳಿದೆ. ಆದರೆ ಅಲ್ಲಿ ಮಾತು ಬಹುಪಾಲು ಗೊತ್ತುಮಾಡಿದ್ದು.

ಆಟವೆಂದರೆ ಹಗುರವಾದದ್ದು ಎಂದು ಯಾರೂ ತಿಳಿಯಬಾರದು. ಬಾಳೊಪಾಟಿನ ಅತ್ಯಂತ ಕಠಿಣ ಪರೀಕ್ಷೆ ನಡೆಯುವುದು ಸಾವಿನ ಮನೆಯಲ್ಲಿ. ಚಾವ್ ಪಾಟ್ ಸತ್ತವರ ಬದುಕಿನ ಕಥೆ. ಹುಟ್ಟು, ಬೆಳೆದದ್ದು, ಮದುವೆ, ದುಡಿಮೆ, ಹಿಡಿದ ರೋಗ, ಮಾಡಿದ ಮದ್ದು, ಕೊನೆಗೆ ಹೊರಟ ದಾರಿ. ಬೆಳಿಗ್ಗೆ ಸುದ್ದಿ ಬಂದು ಮಧ್ಯಾಹ್ನಕ್ಕೆ ಹಾಡಬೇಕು. ಎದುರಿಗೆ ಮಡದಿ ಮಕ್ಕಳು ಕೂತಿದ್ದಾರೆ. ಸುಳ್ಳು ಹೊಗಳಿಕೆ ಅಲ್ಲಿ ನಡೆಯದು, ಗಾಯ ಕೆದಕುವ ಮಾತೂ ನಡೆಯದು. ಸತ್ತವರು ಹೇಗೆ ನಗುತ್ತಿದ್ದರು, ಯಾವ ಗದ್ದೆಯನ್ನು ಯಾರ ಜೊತೆ ಉತ್ತರು ಎಂಬುದನ್ನು ಬಲ್ಲವರೇ ಅದನ್ನು ಕಟ್ಟಬಲ್ಲರು. ಪತ್ರಿಕೆಯ ನಿಧನ ವಾರ್ತೆಯಲ್ಲಿ ನಾಲ್ಕು ಸಾಲು ಸಿಗುವ ಮನುಷ್ಯನಿಗೆ ಅಲ್ಲಿ ಒಂದು ಕಾವ್ಯ ಸಿಗುತ್ತಿತ್ತು. ಊರಿನ ಪ್ರತಿಯೊಬ್ಬನಿಗೂ ಕೊನೆಯಲ್ಲಿ ಒಂದು ಕಾವ್ಯ ಎಂದು ಗೊತ್ತುಮಾಡಿಕೊಂಡ ಸಮಾಜ ಸಣ್ಣದಲ್ಲ.

ಕೊಡಗಿನ ಹೊರಗೂ ಇಂಥದ್ದಿತ್ತು ಎಂಬುದು ಲೋಕಕ್ಕೆ ತಿಳಿದದ್ದು ತಡವಾಗಿ. 1930ರ ದಶಕದಲ್ಲಿ ಅಮೆರಿಕದ ಮಿಲ್ಮನ್ ಪ್ಯಾರಿ ಮತ್ತು ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಅಕ್ಷರ ಬಾರದ ಗಾಯಕರನ್ನು ಕೂರಿಸಿ ಹಾಡಿಸಿದರು. ಸಾವಿರಾರು ಸಾಲಿನ ವೀರಗಾಥೆಗಳನ್ನು ಅವರು ಬಾಯಿಪಾಠ ಮಾಡಿಲ್ಲ, ಸಿದ್ಧ ನುಡಿಗಟ್ಟುಗಳ ಬಲದಿಂದ ಪ್ರತಿ ಸಲ ಹೊಸದಾಗಿ ಕಟ್ಟುತ್ತಾರೆ ಎಂದು ಕಂಡುಕೊಂಡರು. ಲಾರ್ಡ್ ಅವರ 'ದಿ ಸಿಂಗರ್ ಆಫ್ ಟೇಲ್ಸ್' ಬಂದದ್ದು 1960ರಲ್ಲಿ. ಅದೇ 1930ರ ದಶಕದಲ್ಲಿ ಭಾಷಾವಿಜ್ಞಾನಿ ಎಂ.ಬಿ. ಎಮಿನೋ ನೀಲಗಿರಿಯ ತೊದವರ ಹಾಡುಗಳ ಜೊತೆಗೆ ಕೊಡವರ ಹಾಡುಗಳನ್ನೂ ಕೇಳುತ್ತ, ಬರೆದುಕೊಳ್ಳುತ್ತ ಇಲ್ಲೆಲ್ಲ ಓಡಾಡಿದ್ದರು.

ಆದರೆ ಇವರೆಲ್ಲರಿಗಿಂತ ಮೊದಲೇ ಈ ಕೆಲಸಕ್ಕೆ ಕೈಹಾಕಿದವರು ಕರಡ ಗ್ರಾಮದ ನಡಿಕೇರಿಯಂಡ ಚಿಣ್ಣಪ್ಪ. ಪೊಲೀಸ್ ಇಲಾಖೆಯಲ್ಲಿದ್ದವರು. ಹಾಡು, ಗಾದೆ, ಒಗಟು, ಹಬ್ಬದ ಕಟ್ಟಲೆ, ಮದುವೆ ಸಾವಿನ ಪದ್ಧತಿ ಎಲ್ಲವನ್ನೂ ಬಲ್ಲವರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟು 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ಪುಸ್ತಕದ ದೊಡ್ಡ ಪಾಲು ಹಾಡುಗಳೇ. ಭಗವದ್ಗೀತೆಯನ್ನು ಕೊಡವರ ನುಡಿಯಾದ ಕೊಡವ ತಕ್ಕ್‌ಗೆ ತಂದವರೂ ಇವರೇ. 1931ರಲ್ಲಿ ತೀರಿಕೊಂಡರು. ಮುಂದೆ ಮೊಮ್ಮಕ್ಕಳಾದ ಬೊವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಈ ಪುಸ್ತಕವನ್ನು 2003ರಲ್ಲಿ ಇಂಗ್ಲಿಷಿಗೆ ತಂದರು. ಇವತ್ತು ಯಾವ ಮದುವೆಯಲ್ಲಿ, ಯಾವ ವೇದಿಕೆಯಲ್ಲಿ ಬಾಳೊಪಾಟ್ ಕೇಳಿದರೂ ಅದರ ಹಿಂದೆ ಈ ಪುಸ್ತಕದ ಋಣವಿದೆ. ಅದು ಇಲ್ಲದಿದ್ದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ಇಷ್ಟು ಹೇಳಿಯೂ ಒಂದು ಮಾತು ಹೇಳಬೇಕು. ಪುಸ್ತಕದೊಳಗೆ ಸೇರಿದ್ದು ಒಂದು ದಿನ, ಒಂದು ಕಡೆ ಹಾಡಿದ ಹಾಡು. ಅದನ್ನು ಕಟ್ಟಿದ ಕೈಚಳಕ ಪುಸ್ತಕದೊಳಗೆ ಸೇರುವಂಥದ್ದಲ್ಲ. ಚಿಣ್ಣಪ್ಪನವರು ಬರೆದುಕೊಳ್ಳುವಾಗ ಹಳ್ಳಿ ಹಳ್ಳಿಯಲ್ಲಿ ಪಾಟ್‌ಕಾರರಿದ್ದರು. ಬರೆದಿಟ್ಟದ್ದು ಮಾದರಿ, ಜೀವಂತವಾಗಿದ್ದದ್ದು ಹೊರಗೆ. ನೂರು ವರ್ಷದಲ್ಲಿ ಹೊರಗಿನದು ಕರಗಿತು, ಮಾದರಿಯೇ ಮೂಲವಾಗಿ ನಿಂತಿತು. ಈಗ ಕಲಿಯುವವರು ಪುಟ ತೆರೆದು ಸಾಲು ಸಾಲಾಗಿ ಬಾಯಿಪಾಠ ಮಾಡುತ್ತಾರೆ. ಒಂದಕ್ಷರ ತಪ್ಪದಂತೆ ಹಾಡುವವರಿಗೆ ಚಪ್ಪಾಳೆ ಸಿಗುತ್ತದೆ. ಹಳೆಯ ಪಾಟ್‌ಕಾರನಿಗೆ ಒಂದಕ್ಷರವೂ ಬದಲಾಗದ ಹಾಡು ವಿಚಿತ್ರವಾಗಿ ಕಾಣುತ್ತಿತ್ತೇನೋ. ಅವನ ಕಸುಬೇ ಬದಲಿಸುವುದು.

ಬರವಣಿಗೆಯ ಮೇಲೆ ನನಗೆ ದೂರಿಲ್ಲ. ಮೂರ್ನಾಡಿನ ಪಕ್ಕದಲ್ಲೇ ಇರುವ ಕಿರುಂದಾಡಿನಲ್ಲಿ 1868ರಲ್ಲಿ ಹುಟ್ಟಿದ ಅಪ್ಪನೆರವಂಡ ಹರದಾಸ ಅಪ್ಪಚ್ಚ ಕವಿ 'ಯಯಾತಿ', 'ಸಾವಿತ್ರಿ', 'ಸುಬ್ರಹ್ಮಣ್ಯ', 'ಕಾವೇರಿ' ನಾಟಕಗಳನ್ನು ಬರೆದು ಕೊಡವ ತಕ್ಕ್‌ಗೆ ಸಾಹಿತ್ಯದ ಘನತೆ ತಂದುಕೊಟ್ಟರು. ಅದು ಒಬ್ಬ ಕವಿಯ ಪ್ರತಿಭೆ, ಅವರ ಹೆಸರಿನಲ್ಲೇ ಉಳಿಯಿತು. ಬಾಳೊಪಾಟಿಗೆ ಮಾತ್ರ ಒಬ್ಬನ ಹೆಸರಿಲ್ಲ. ಕವಿಯ ಹಸ್ತಪ್ರತಿ ಪೆಟ್ಟಿಗೆಯಲ್ಲಿದ್ದರೂ ಉಳಿದೀತು. ನಾಲ್ವರು ಕೂಡದೆ ಹೋದರೆ ಬಾಳೊಪಾಟ್ ಇಲ್ಲ.

ನಾಲ್ವರು ಯಾಕೆ ಕೂಡುತ್ತಿಲ್ಲ? ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಪುಸ್ತಕದಲ್ಲಿ ಇಡೀ ಸಮಾಜದ ಬುಡ ಒಕ್ಕ ಎಂದು ವಿವರಿಸಿದ್ದಾರೆ. ಒಂದೇ ಐನ್‌ಮನೆ (ಮೂಲ ಮನೆ), ಒಂದೇ ಗುರುಕಾರೋಣ (ಮೂಲಪುರುಷ), ಒಂದೇ ಗದ್ದೆಯ ಅಕ್ಕಿ. ಅಂಥ ಮನೆಯಲ್ಲಿ ದುಡಿ ಬಡಿಯಲು ಹೊರಗಿನವರನ್ನು ಕರೆಯಬೇಕಿರಲಿಲ್ಲ. ಚಿಕ್ಕಪ್ಪ ದೊಡ್ಡಪ್ಪಂದಿರ ಪಕ್ಕ ಕೂತ ಹುಡುಗ ಮೊದಲು ತೊಡೆಯ ಮೇಲೆ ತಾಳ ಹಾಕುತ್ತಿದ್ದ, ಆಮೇಲೆ ಹಿಂದಿನ ಜೋಡಿಯಲ್ಲಿ ದನಿ ಸೇರಿಸುತ್ತಿದ್ದ, ವರ್ಷಗಳು ಕಳೆದು ಒಂದು ದಿನ ಯಾರೋ ಗಂಟಲು ಕೆಟ್ಟು ಸುಮ್ಮನಾದಾಗ ಮುಂದಿನ ಜೋಡಿಗೆ ಬರುತ್ತಿದ್ದ. ತಿರುಗಿ ಹೇಳುವ ಜಾಗವೇ ಶಾಲೆಯಾಗಿತ್ತು. ಆಸ್ತಿ ಪಾಲಾಗಿ ಮನೆಗಳು ತೋಟ ತೋಟಕ್ಕೆ ಚದುರಿದವು. ಓದು, ಸೇನೆ, ಕೆಲಸ ಎಂದು ಮಕ್ಕಳು ಮೈಸೂರು, ಬೆಂಗಳೂರು ಸೇರಿದರು. ಈಗ ಐನ್‌ಮನೆಗೆ ಬೀಗ ತೆಗೆಯುವುದು ಪುತ್ತರಿಗೋ ಪೂರ್ವಜರಿಗೆ ಎಡೆಯಿಡುವ ಕಾರೋಣಂಗ್ ಕೊಡ್ಪದಕ್ಕೋ. ಬಂದವರು ಮರುದಿನ ಬೆಳಿಗ್ಗೆಯೇ ಕಾರು ಹತ್ತುತ್ತಾರೆ.

ಗದ್ದೆಯ ಕಥೆಯೂ ಇದಕ್ಕೆ ಸೇರಿಕೊಂಡಿದೆ. ಭತ್ತ ಬೆಳೆದರೆ ಕೂಲಿಯೂ ಹುಟ್ಟದು ಎಂದು ಕೊಡಗಿನಲ್ಲಿ ಎಷ್ಟೋ ಗದ್ದೆಗಳು ಪಾಳು ಬಿದ್ದವು, ಇನ್ನೆಷ್ಟೋ ತೋಟ, ಶುಂಠಿ, ಸೈಟುಗಳಾದವು. ಕದಿರು ತೆಗೆಯಲು ಪಕ್ಕದವರ ಗದ್ದೆಗೆ ಹೋಗುವ ಮನೆಗಳಿವೆ. ಮನೆ ಪಾಡುವುದು ಸುಗ್ಗಿಯ ಬಿಡುವಿಗೆ ಅಂಟಿಕೊಂಡಿದ್ದ ಕಲೆ. ಪುತ್ತರಿಯ ಹೊತ್ತಿಗೆ ಈಗ ಕಾಫಿ ಹಣ್ಣು ಕೊಯ್ಲು; ಕಾರ್ಮಿಕರು ಸಿಕ್ಕಿದ ದಿನ ತೋಟದಲ್ಲಿರಬೇಕು. ಆ ಬಿಡುವೇ ಈಗ ಇಲ್ಲ.

ಮದುವೆಗಳು ಮನೆಯಂಗಳದಿಂದ ಸಮಾಜದ ಹಾಲ್‌ಗಳಿಗೆ ಬಂದದ್ದರಿಂದ ಅನುಕೂಲವಾಯಿತು ನಿಜ. ಹೆಣ್ಣುಮಕ್ಕಳ ಅಡುಗೆಮನೆಯ ಹೊರೆ ಇಳಿಯಿತು, ಅದನ್ನು ತಿರಸ್ಕರಿಸಲಾರೆ. ಆದರೆ ಹಾಲ್‌ಗೆ ಹೊತ್ತು ಕಟ್ಟಿರುತ್ತದೆ. ಹುಡುಗನ ಒಕ್ಕದ ಕಥೆಯನ್ನು ಮೂಲದಿಂದ ಎತ್ತಿ ಹಾಡಲು ಒಂದು ರಾತ್ರಿ ಬೇಕಾಗಿದ್ದ ಕಡೆ ಈಗ ಸಿಗುವುದು ಊಟದ ಪಂಕ್ತಿಯ ನಡುವಿನ ಹತ್ತು ನಿಮಿಷ. ವಾಲಗ ಮೊಳಗುತ್ತದೆ, ಸ್ಪೀಕರ್ ಮೊಳಗುತ್ತದೆ, ದುಡಿ ಅವುಗಳ ನಡುವೆ ಕೇಳುವುದೇ ಇಲ್ಲ.

ಎಲ್ಲಕ್ಕಿಂತ ಆಳದ ಪೆಟ್ಟು ಭಾಷೆಗೆ ಬಿದ್ದಿದೆ. 2001ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ತಾಯಿನುಡಿ ಎಂದವರು 1,66,187. 2011ರಲ್ಲಿ ಆ ಸಂಖ್ಯೆ 1,13,857. ಯುನೆಸ್ಕೊದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಾಯಿಪಾಠಕ್ಕೆ ಸ್ವಲ್ಪ ಭಾಷೆ ಸಾಕಾದೀತು. ನಿಂತ ನಿಲುವಿನಲ್ಲಿ ಸಾಲು ಹೊಸೆಯಬೇಕಾದರೆ ಆ ಭಾಷೆಯಲ್ಲಿ ಕನಸು ಕಂಡಿರಬೇಕು, ಜಗಳವಾಡಿರಬೇಕು. ಮಕ್ಕಳು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮನೆಯಲ್ಲಿ ಹಾಡು ಕಲಿಸಬಹುದು, ಹಾಡು ಕಟ್ಟಿಸುವುದು ಕಷ್ಟ. ಹಾಗೆಂದು ಅಸಾಧ್ಯ ಎನ್ನಲಾರೆ.

ಯಾಕೆಂದರೆ ಅದೇ ಮಕ್ಕಳು ಬೆಂಗಳೂರಿನಲ್ಲಿ ವಾರಾಂತ್ಯದ ರಾತ್ರಿ ಏನು ಮಾಡುತ್ತಿದ್ದಾರೆ ನೋಡಿ. ಐದಾರು ಜನ ಒಂದು ಮೇಜಿನ ಸುತ್ತ ಕೂತು, ಹಲವು ಮುಖದ ದಾಳ ಉರುಳಿಸುತ್ತ, ಗಂಟೆಗಟ್ಟಲೆ ಬಾಯಿಮಾತಿನಲ್ಲೇ ಒಂದು ಕಥೆ ಕಟ್ಟುತ್ತಿದ್ದಾರೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮತ್ತು ಅದರ ಬಳಗದ ಆಟಗಳು ಇವು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಇದನ್ನು ಹೊರತಂದರು. ಪಟ್ಟೋಲೆ ಪಳಮೆ ಬಂದು ಸರಿಯಾಗಿ ಐವತ್ತು ವರ್ಷಕ್ಕೆ. ಒಬ್ಬರು ಕಥೆಯ ಲೋಕವನ್ನು ಬಿಡಿಸಿಡುತ್ತಾರೆ. ಉಳಿದವರು ಒಬ್ಬೊಬ್ಬ ಪಾತ್ರವಾಗಿ ತಾನೇನು ಮಾಡುತ್ತೇನೆ ಎಂದು ಹೇಳುತ್ತಾರೆ. ದಾಳ ಬಿದ್ದಂತೆ ಕಥೆ ಹೊರಳುತ್ತದೆ. ಮುಂದೇನು ಎಂಬುದು ಮೇಜಿನ ಸುತ್ತ ಯಾರಿಗೂ ಗೊತ್ತಿರುವುದಿಲ್ಲ.

ಊರಿನ ಕೆಲವು ಹಿರಿಯರಿಗೆ ಇದು ಕೆಲಸವಿಲ್ಲದವರ ಹುಚ್ಚಾಟವಾಗಿ ಕಾಣುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಕೈಯಲ್ಲಿ ಫೋನಿದ್ದೂ ಅದನ್ನು ಬದಿಗಿಟ್ಟು, ಎದುರಿಗಿರುವವರ ಮಾತು ಕೇಳಿ, ಅದಕ್ಕೆ ತನ್ನ ಮಾತು ಜೋಡಿಸುವ ತಾಳ್ಮೆ ಈ ಹುಡುಗ ಹುಡುಗಿಯರಲ್ಲಿದೆ. ಕೂಡಿ ಕಥೆ ಕಟ್ಟುವ ಹಸಿವು ಸತ್ತಿಲ್ಲ. ಅವರ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. ಬಾಳೊಪಾಟನ್ನು ನಾವು ಅವರ ಮುಂದೆ ಇಟ್ಟದ್ದು ಸಂಸ್ಕೃತಿಯ ಪಾಠವಾಗಿ, ಕುಪ್ಯಚೇಲೆಯ ಸಾಂಪ್ರದಾಯಿಕ ಉಡುಪು ತೊಟ್ಟು ವೇದಿಕೆಯ ಮೇಲೆ ಒಪ್ಪಿಸಬೇಕಾದ ಪದ್ಯವಾಗಿ. ಆಟವಾಗಿ ಇಡಲಿಲ್ಲ.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಮೇಜಿನ ಆಟದಲ್ಲಿ ಲೋಕ ಕಲ್ಪಿತ. ಆಡಿದವರು ಎದ್ದರೆ ಕಥೆಯೂ ಎದ್ದು ಹೋಗುತ್ತದೆ. ಅದರೊಳಗೆ ಸಾಮಾನ್ಯವಾಗಿ ಒಂದೇ ವಯಸ್ಸಿನವರು, ಗೆಳೆಯರು. ದುಡಿಯ ಸುತ್ತ ಕೂತವರಲ್ಲಿ ಎಪ್ಪತ್ತರ ಮುದುಕನೂ ಇದ್ದ, ಹದಿನೈದರ ಹುಡುಗನೂ ಇದ್ದ. ಅವರು ಕಟ್ಟುತ್ತಿದ್ದುದು ಕಣ್ಣೆದುರಿಗಿದ್ದ ಮನೆಯ ಕಥೆ. ಕೇಳುತ್ತಿದ್ದವರೇ ಕಥೆಯ ಪಾತ್ರಗಳು. ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತಿದ್ದರು. ಹಾಡು ಮುಗಿದ ಮೇಲೂ ಅದೇ ಬದುಕು ಅಲ್ಲೇ ಮುಂದುವರಿಯುತ್ತಿತ್ತು. ಈ ಹೊಣೆಗಾರಿಕೆ ದಾಳದ ಆಟಕ್ಕಿಲ್ಲ. ಹಾಗಾಗಿ ಒಂದು ಹೋದರೆ ಇನ್ನೊಂದು ಬಂತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನನಗೆ ಮನಸ್ಸು ಬಾರದು.

ಘಟ್ಟದ ಕೆಳಗೆ, ಕಡಲಾಚೆಗೆ

ನಿಂತಲ್ಲೇ ಮಾತು ಕಟ್ಟುವ ಕಲೆ ಕರ್ನಾಟಕದಲ್ಲಿ ಎಲ್ಲ ಕಡೆ ಸೊರಗಿದೆಯೇ? ಇಲ್ಲ. ಉತ್ತರ ಕರ್ನಾಟಕದ ಹರದೇಶಿ ನಾಗೇಶಿ ಲಾವಣಿಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ಸವಾಲು ಹಾಕಿ ಬೆಳಗಿನವರೆಗೆ ಹಾಡಿದ ನೆನಪು ಇನ್ನೂ ಇದೆ. ಸಂಪಾಜೆ ಘಾಟಿ ಇಳಿದರೆ ಸಾಕು, ತಾಳಮದ್ದಲೆಯ ಸೀಮೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಅದನ್ನು ಹಿಡಿದು ಆ ಕ್ಷಣಕ್ಕೆ ಹುಟ್ಟುವ ಮಾತಿನಲ್ಲಿ ವಾದಕ್ಕಿಳಿಯುತ್ತಾರೆ. ರಾಮ ಬಾಣ ಬಿಟ್ಟಾಗಿದೆ, ವಾಲಿ ಬಿದ್ದಾಗಿದೆ, ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಸಾಯುವ ವಾಲಿ ಇವತ್ತು ಯಾವ ಪ್ರಶ್ನೆ ಕೇಳುತ್ತಾನೆ, ರಾಮ ಅದಕ್ಕೆ ಹೇಗೆ ಉತ್ತರಿಸುತ್ತಾನೆ ಎಂಬುದು ಎದುರುಬದುರು ಕೂತ ಇಬ್ಬರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರನ್ನು ಕೇಳಿದವರು ಅದನ್ನು ಇಂದಿಗೂ ಮೆಲುಕು ಹಾಕುತ್ತಾರೆ. ಕೊಡಗಿನ ಗಡಿಯ ಸಂಪಾಜೆಯವರೇ ಆದ ಜಬ್ಬಾರ್ ಸಮೋ ಇಂದಿನ ಹೆಸರಾಂತ ಅರ್ಥಧಾರಿಗಳಲ್ಲೊಬ್ಬರು. ತಾಳಮದ್ದಲೆ ಉಳಿದದ್ದು ಹೇಗೆ? ಅಲ್ಲಿ ಯಾರೂ ಹಿಂದಿನವರ ಅರ್ಥವನ್ನು ಬಾಯಿಪಾಠ ಮಾಡಿ ಒಪ್ಪಿಸಲು ಬಿಡಲಿಲ್ಲ. ಹೊಸ ಮಾತಿಗಾಗಿಯೇ ಜನ ಬರುತ್ತಾರೆ. ಹಳೆಯದನ್ನೇ ಹೇಳಿದರೆ ಬೇಸರಿಸುತ್ತಾರೆ. ಕೇಳುಗರು ಹೊಸದನ್ನು ಬೇಡಿದ್ದೇ ಕಲೆಯನ್ನು ಬದುಕಿಸಿತು.

ಇನ್ನೂ ಹತ್ತಿರವಾದ ಉದಾಹರಣೆ ಬಹಳ ದೂರದಲ್ಲಿದೆ. ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನ ಕೊಡವರಂತೆಯೇ ಗುಡ್ಡಗಾಡಿನವರು, ಸಣ್ಣ ಭಾಷೆಯವರು. ಫ್ರಾಂಕೊ ಆಡಳಿತದಲ್ಲಿ ಅವರ ಭಾಷೆಯನ್ನು ಹತ್ತಿಕ್ಕಲಾಗಿತ್ತು. ಅಲ್ಲಿ ಬೆರ್ಚೊ ಎಂಬ ಪದ್ಯಗಳಿವೆ. ಹಾಡುಗಾರ ಎದ್ದು ನಿಲ್ಲುತ್ತಾನೆ, ನಿರೂಪಕ ಒಂದು ವಿಷಯ ಕೊಡುತ್ತಾನೆ, ಕೆಲವೇ ಕ್ಷಣದಲ್ಲಿ ಛಂದಸ್ಸು ಪ್ರಾಸ ತಪ್ಪದ ಪದ್ಯ ಬರಬೇಕು. ಅನೇಕ ಸಲ ಇಬ್ಬರು ಎರಡು ಪಾತ್ರಗಳಾಗಿ ಪದ್ಯಕ್ಕೆ ಪದ್ಯ ಜೋಡಿಸುತ್ತಾರೆ. ಅವರ ಒಂದು ಗುಟ್ಟು ಎಲ್ಲರಿಗೂ ಗೊತ್ತಿರುವಂಥದ್ದು: ಕೊನೆಯ ಸಾಲನ್ನು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಒಯ್ಯುವ ಸಾಲುಗಳನ್ನು ಹೊಸೆಯುತ್ತಾರೆ. ಹೆಂಡದಂಗಡಿಯ ಗಂಡಸರ ಕಲೆಯಾಗಿದ್ದ ಇದು ಮುಳುಗುವ ಹಂತ ತಲುಪಿದಾಗ ಅವರು ಹಳೆಯ ಪದ್ಯ ಸಂಗ್ರಹಿಸಿ ಸುಮ್ಮನೆ ಕೂರಲಿಲ್ಲ. ಊರೂರಿನಲ್ಲಿ ಬೆರ್ಚೊ ಶಾಲೆ ತೆರೆದರು, ಮಕ್ಕಳಿಗೆ ಪದ್ಯ ಕಟ್ಟುವುದನ್ನೇ ಕಲಿಸಿದರು. ಹೆಣ್ಣುಮಕ್ಕಳು ಬಂದರು. 2009ರಲ್ಲಿ ಮಯಲೆನ್ ಲುಹಾನ್ಬಿಯೊ ಎಂಬ ಮಹಿಳೆ ಮೊದಲ ಬಾರಿಗೆ ರಾಷ್ಟ್ರೀಯ ಪಟ್ಟ ಗೆದ್ದರು, ಮುಂದೆಯೂ ಗೆದ್ದರು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಆ ಸ್ಪರ್ಧೆಯ ಕೊನೆಯ ಸುತ್ತು ಕೇಳಲು ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಕಿಟ್ಟೆಲ್ ನಿಘಂಟಿನಷ್ಟು ದಪ್ಪದ ಪದ್ಯಸಂಗ್ರಹ ಬಂದಿದ್ದರೂ ಅದನ್ನು ಕೇಳಲು ಇಷ್ಟು ಜನ ಬರುತ್ತಿರಲಿಲ್ಲ.

ಕೊಡಗಿಗೆ ಇಂಥ ಉತ್ಸಾಹ ಹೊಸದೇನಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ನಡೆದದ್ದು ಚಿಣ್ಣಪ್ಪನವರ ಊರಾದ ಅದೇ ಕರಡದಲ್ಲಿ. ಆಗ 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದಾಗ ತಂಡಗಳು 360. ದೂರದ ಊರುಗಳಲ್ಲಿದ್ದವರು ರಜೆ ಹಾಕಿ ಬಂದರು, ಚಿಕ್ಕ ಹುಡುಗರ ಜೊತೆ ಅಜ್ಜಂದಿರೂ ಸ್ಟಿಕ್ ಹಿಡಿದರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ತಂಡದಲ್ಲಿ ಆಡಿದರು. ಚದುರಿದ ಒಕ್ಕಗಳನ್ನು ಒಂದು ಆಟ ಒಂದೆಡೆ ತಂದಿತು. ಹಾಕಿಗೆ ಹನ್ನೊಂದು ಜನ ಬೇಕು. ದುಡಿಗೆ ಬೇಕಾದದ್ದು ನಾಲ್ವರು. 360 ಒಕ್ಕಗಳಲ್ಲಿ ಹತ್ತರಲ್ಲೊಂದು ಒಕ್ಕ ನಾಲ್ವರನ್ನು ಕೊಟ್ಟರೂ ಕೊಡಗಿನ ತುಂಬ ಹಾಡಾಗುತ್ತದೆ.

ಹಾಕಿ ಉತ್ಸವದ ಮೈದಾನದಲ್ಲೇ ಇದನ್ನು ಏಕೆ ಶುರು ಮಾಡಬಾರದು? ಬಾಳೊಪಾಟ್ ಸ್ಪರ್ಧೆಗಳು ಈಗಲೂ ನಡೆಯುತ್ತವೆ. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ, ಊರೂರಿನ ಕೊಡವ ಸಮಾಜಗಳು, ಹೆಂಗಸರ ಪೊಮ್ಮಕ್ಕಡ ಕೂಟಗಳು ಶ್ರದ್ಧೆಯಿಂದ ದುಡಿಯುತ್ತಿವೆ. ನಾನು ಕೇಳುವುದು ನಿಯಮದಲ್ಲಿ ಒಂದು ಬದಲಾವಣೆ. ತಂಡ ವೇದಿಕೆಗೆ ಬಂದ ಮೇಲೆ ವಿಷಯ ಕೊಡಿ. ಎದುರಾಳಿ ಒಕ್ಕದ ಮೇಲೆ ಹಾಡಲಿ. ಬೆಳಿಗ್ಗೆ ಮುಗಿದ ಪಂದ್ಯದ ಮೇಲೆ ಹಾಡಲಿ. ಬೊಳಿಬಾಣೆಯಲ್ಲಿ ನೀರು ಏರಿ ಮೂರ್ನಾಡು ನಾಪೋಕ್ಲು ರಸ್ತೆ ಮುಳುಗುವುದರ ಮೇಲೆ, ತೋಟಕ್ಕೆ ನುಗ್ಗುವ ಆನೆಯ ಮೇಲೆ ಹಾಡಲಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಜೀವ ಹೋದವು. ಆ ದಿನಗಳನ್ನು ಕಂಡವರು ಇದ್ದಾರೆ, ಅದಕ್ಕೆ ಬಾಳೊಪಾಟಿನ ಗಾತ್ರವೇ ಬೇಕು. ಒಂದೆರಡು ಸಾಲು ತಪ್ಪಿದರೆ ಅಂಕ ಕಳೆಯಬೇಡಿ. ಜೊತೆಗಾರ ತಡವರಿಸಿದಾಗ ಎತ್ತಿಕೊಂಡವನಿಗೆ ಅಂಕ ಕೊಡಿ.

ಹಾಡುವವರು ಯಾರು ಎಂಬ ಬೇಲಿಯನ್ನೂ ಸಡಿಲಿಸಬೇಕು. ಉಮ್ಮತ್ತಾಟ್ ಕುಣಿತದಲ್ಲಿ ಹಾಡುತ್ತ ಬೆಳೆದ ಹೆಂಗಸರಿಗೆ ಲಯ ಹೊಸದಲ್ಲ. ಆ ಕಲೆಗಾಗಿ ಐಮುಡಿಯಂಡ ರಾಣಿ ಮಾಚಯ್ಯನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೊಡಗೇ ಹಿಗ್ಗಿತು. ನಾಲ್ವರು ಸಿಗದ ಒಕ್ಕದಲ್ಲಿ ಇಬ್ಬರು ಅಣ್ಣತಮ್ಮಂದಿರ ಜೊತೆ ಇಬ್ಬರು ಅಕ್ಕತಂಗಿಯರು ಕೂತರೆ ಸಾಕು. ಕೊಡವ ತಕ್ಕ್ ಆಡುವ ಸಮುದಾಯಗಳು ಕೊಡಗಿನಲ್ಲಿ ಹಲವು ಇವೆ. ಐರಿ, ಬಣ್ಣ, ಮೇದ, ಕೆಂಬಟ್ಟಿ ಮನೆಗಳಲ್ಲಿ ಭಾಷೆ ಇನ್ನೂ ಅಡುಗೆಮನೆಯ ಭಾಷೆಯಾಗಿಯೇ ಉಳಿದಿದೆ, ವಾದ್ಯ ಬಲ್ಲ ಕೈಗಳೂ ಅಲ್ಲಿವೆ. ಅವರ ಮನೆಗಳ ಮೇಲೂ ಹಾಡು ಹುಟ್ಟಬೇಕು, ಅವರೂ ಮುಂದಿನ ಜೋಡಿಯಲ್ಲಿ ಕೂರಬೇಕು.

ಮಕ್ಕಳಿಗೆ ಕಲಿಸುವುದನ್ನು ಪುಸ್ತಕದಿಂದ ಶುರು ಮಾಡುವುದು ಬೇಡ ಎಂದೇ ನನ್ನ ಮನವಿ. ಪುಸ್ತಕಕ್ಕೆ ಆಮೇಲೆ ಬರಬಹುದು, ಬರಲೇಬೇಕು. ಮೂರ್ನಾಡಿನ ಯಾವುದಾದರೂ ಶಾಲೆಯಲ್ಲಿ, ಪುತ್ತರಿಗೆ ಒಂದು ತಿಂಗಳು ಮೊದಲು, ಒಂದು ಶನಿವಾರ ಮಧ್ಯಾಹ್ನ ನಾಲ್ಕು ಮಕ್ಕಳನ್ನು ಎರಡು ಜೋಡಿಯಾಗಿ ಕೂರಿಸಿ. ಊರಿನಲ್ಲಿ ಉಳಿದಿರುವ ಒಬ್ಬ ಪಾಟ್‌ಕಾರರನ್ನು ಕರೆತನ್ನಿ. ದುಡಿ ಸಾಲದಿದ್ದರೆ ಬೆಂಚು ಬಡಿಯಲಿ. ಮೊದಲ ಜೋಡಿಯ ಹುಡುಗಿಗೆ ಹೇಳಿ: ನಿನ್ನ ಹೆಸರು, ನಿನ್ನ ಮನೆಯ ಹೆಸರು, ಇವತ್ತು ಬೆಳಿಗ್ಗೆ ಮನೆಯಲ್ಲಿ ಏನಾಯಿತು ಎಂಬುದನ್ನು ಈ ಬಡಿತಕ್ಕೆ ಕೂಡಿಸು. ತಕ್ಕ್‌ನಲ್ಲಿ ತೋಚದ ಪದಕ್ಕೆ ಕನ್ನಡದ ಪದ ಹಾಕಿದರೂ ಸರಿ, ಪಕ್ಕದಲ್ಲಿರುವ ಅಜ್ಜ ಅದನ್ನು ತಿರುಗಿಸಿ ಕೊಡುತ್ತಾರೆ. ಎದುರಿನ ಜೋಡಿ ಅದನ್ನು ತಿರುಗಿ ಹೇಳಲಿ. ಹೇಳುತ್ತಿರುವಷ್ಟು ಹೊತ್ತು ಅವಳು ಮುಂದಿನ ಸಾಲು ಯೋಚಿಸಲಿ.